ಬೀರು ತೆಗೆಸಿ: ಆರೋಗ್ಯ ಸಚಿವರಿಗೆ ಒಬ್ಬ ನರ್ಸ್ ಬರೆಯುವ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಹನ್ನೊಂದು ವರ್ಷದಿಂದ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೇನೆ. ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ. ಉಳಿದ ದಿನ ಕೆಮ್ಮು, ಜ್ವರ, ಭೇದಿ ಅಂತ ಬರುವ ಮಕ್ಕಳನ್ನೆಲ್ಲ ನೋಡುವವಳು ನಾನೇ. ಆ ಮಕ್ಕಳ ತಪಾಸಣೆಗೆಂದು ಇಲಾಖೆ ಟ್ಯಾಬ್ ಕೊಟ್ಟು ಎರಡು ವರ್ಷವಾಯಿತು. ಕಳೆದುಹೋದರೆ ಯಾರು ಹೊಣೆ ಎಂದು ಮೇಲಿನವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದಾರೆ. ದಯವಿಟ್ಟು ಬೀರು ತೆಗೆಸಿ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1990ರ ದಶಕದಲ್ಲಿ ರೂಪಿಸಿದ ನಿಯಮ ನಿಮಗೆ ಗೊತ್ತೇ ಇದೆ. ಕೆಮ್ಮುವ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಅದೂ ಮಗು ಅಳದೆ ಇರುವಾಗ. ಎರಡು ತಿಂಗಳಿಂದ ವರ್ಷದೊಳಗಿನ ಮಗುವಿಗೆ 50, ವರ್ಷ ತುಂಬಿದ ಮೇಲೆ ಐದು ವರ್ಷದವರೆಗೆ 40 ಮುಟ್ಟಿದರೆ ನ್ಯುಮೋನಿಯಾ ಎಂದೇ ಹಿಡಿಯಬೇಕು.

ಆ ದಿನ ಬಾಗಿಲಾಚೆ ಜನ ತುಂಬಿದ್ದರು. ಏಳು ತಿಂಗಳ ಮಗು. ನಾನು ಕಾಲು ನಿಮಿಷ ಎಣಿಸಿದೆ, ಹನ್ನೊಂದು ಬಂತು, ನಾಲ್ಕರಿಂದ ಗುಣಿಸಿ 44 ಎಂದು ಬರೆದು ಮನೆಗೆ ಕಳಿಸಿದೆ. ರಾತ್ರಿ ತಾಯಿ ಮತ್ತೆ ಎತ್ತಿಕೊಂಡು ಓಡಿಬಂದಳು. ತುಟಿ ನೀಲಿಯಾಗಿತ್ತು, ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಪೂರ್ತಿ ನಿಮಿಷ ಎಣಿಸಿದರೆ 66. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಟ್ಯಾಬ್ ಜೊತೆಗೇ ಬೀರುವಿನಲ್ಲಿತ್ತು, ಬೀಗದ ಕೈ ಬೇರೆಯವರ ಮನೆಯಲ್ಲಿ! ದೊಡ್ಡಾಸ್ಪತ್ರೆ ತಲುಪುವವರೆಗೂ ಆ ತಾಯಿ ನನ್ನ ಕೈ ಬಿಡಲಿಲ್ಲ. ಮಗು ಉಳಿಯಿತು. ನನಗೆ ಈಗಲೂ ನಿದ್ದೆ ಸರಿಯಾಗಿ ಬರುವುದಿಲ್ಲ.

ತರಬೇತಿಯಲ್ಲಿ ಆ ಟ್ಯಾಬ್ ಬಳಸಿದ್ದೇನೆ. ನಿಮಿಷ ಮುಗಿಯದೆ ಮುಂದಿನ ಪ್ರಶ್ನೆಗೆ ಬಿಡುವುದಿಲ್ಲ. ಹಾಲು ಕುಡಿಯುತ್ತದೆಯೇ, ತಿಂದದ್ದೆಲ್ಲ ವಾಂತಿಯೇ, ಫಿಟ್ಸ್ ಬಂದಿತ್ತೇ, ಮಂಪರಿದೆಯೇ, ಒಂದನ್ನೂ ಮರೆಯಗೊಡುವುದಿಲ್ಲ. ಆಮ್ಲಜನಕ ಶೇ. 90ಕ್ಕಿಂತ ಕಡಿಮೆ ಬಂದರೆ ಕೂಡಲೇ ಕಳಿಸು ಎನ್ನುತ್ತದೆ. ಅದು ನನ್ನ ಕಣ್ಣು, ಕೈಗಳ ಬದಲಿಗಲ್ಲ. ಕಪ್ಪು ಚರ್ಮದ ಮೇಲೆ ಆಕ್ಸಿಮೀಟರ್ ಇದ್ದುದಕ್ಕಿಂತ ಹೆಚ್ಚು ತೋರಿಸುವುದುಂಟು, ಪುಟ್ಟ ಬೆರಳಿಗೆ ದೊಡ್ಡವರ ಕ್ಲಿಪ್ ಹಾಕಿದರೆ ಅದನ್ನು ನಂಬುವಂತೆಯೂ ಇಲ್ಲ. ಆದರೆ ದಣಿದ ಹೊತ್ತಿನಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಆ ಟ್ಯಾಬ್ ಒಂದೇ.

ಬಳಸುವವರ ಪಾಡೂ ಕೇಳಿ. ಟ್ಯಾಬ್‌ನಲ್ಲಿ ತುಂಬಿದ್ದನ್ನೇ ಮತ್ತೆ ಮೂರು ರಿಜಿಸ್ಟರಿನಲ್ಲಿ ಬರೆಯಬೇಕಂತೆ. ಯಾವಾಗ ಬರೆಯಲಿ ಸ್ವಾಮಿ? ಮಗುವನ್ನು ಯಾವಾಗ ನೋಡಲಿ? ನಾಲ್ಕು ಅರ್ಜಿ ಕೊಟ್ಟೆ, ಒಂದಕ್ಕೂ ಉತ್ತರವಿಲ್ಲ.

ಬೀರು ತೆಗೆಸಿ. ಕರೆಂಟ್ ಹೋದಾಗಲೂ ಚಾರ್ಜ್ ಆಗುವ ವ್ಯವಸ್ಥೆ ಕೊಡಿ, ಮಕ್ಕಳ ಅಳತೆಯ ಕ್ಲಿಪ್ ಕೊಡಿ, ಎರಡೆರಡು ಸಲ ಬರೆಸುವುದನ್ನು ನಿಲ್ಲಿಸಿ. ಟ್ಯಾಬ್ ಕೆಟ್ಟರೆ, ಕಳೆದರೆ ನರ್ಸ್ ಸಂಬಳದಲ್ಲಿ ಹಿಡಿಯುವುದಿಲ್ಲವೆಂದು ಲಿಖಿತ ಆದೇಶ ಹೊರಡಿಸಿ. ಮೊದಲು ಬೀರು ತೆಗೆಸಿ.

ಇಂತಿ,
ಒಬ್ಬ ನರ್ಸ್