ಕತ್ತಲ ಕೋಣೆಯ ಸರಸ್ವತೀಬಾಯಿ

ಸರಸ್ವತಿಪುರಂ, ಮೈಸೂರು

ಪ್ರೀತಿಯ ಪುಟ್ಟಿ,

ಭಾನುವಾರ ರಾತ್ರಿ ನಾನೂ ನಿಮ್ಮಪ್ಪನೂ ಒಂದು ಮರಾಠಿ ಸಿನಿಮಾ ನೋಡಿದೆವು. ‘ಹರಿಶ್ಚಂದ್ರಾಚೀ ಫ್ಯಾಕ್ಟರಿ’ ಅಂತ. 2009ರದು, ಪರೇಶ್ ಮೋಕಾಶಿ ನಿರ್ದೇಶನ. ಎಡಿಟಿಂಗ್ ಕಲಿಯುವಾಗಲೇ ನೀನು ಅದನ್ನು ನೋಡಿರುತ್ತೀಯ ಅಂದುಕೊಂಡಿದ್ದೆ. ಫೋನಿನಲ್ಲಿ ಕೇಳಿದರೆ ಇಲ್ಲ ಅಂದೆ. ಅವತ್ತಿನಿಂದ ನಿನಗೆ ಅದರ ಬಗ್ಗೆ ಹೇಳಬೇಕು ಅಂತ ಒಂದೇ ಸಮ ಅನ್ನಿಸುತ್ತಿದೆ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಕಾಗದ.

ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತೆಗೆದ ಕಥೆ ಅದು. ನಮ್ಮ ದೇಶದ ಮೊದಲ ಕಥಾಚಿತ್ರವಾದ ಅದು 1913ರ ಮೇ 3ರಂದು ಮುಂಬೈಯಲ್ಲಿ ತೆರೆ ಕಂಡಿತು ಅನ್ನುವುದು ನಿನಗೆ ಗೊತ್ತೇ ಇದೆ. ಪರೀಕ್ಷೆಗೆ ನೀನೇ ಬಾಯಿಪಾಠ ಮಾಡಿದ್ದೆ. ಆದರೆ ಆ ತಾರೀಖಿನ ಹಿಂದೆ ಒಂದು ಮನೆ ಇತ್ತು. ಗಂಡ, ಹೆಂಡತಿ, ಚಿಕ್ಕ ಮಕ್ಕಳು. ಈ ಸಿನಿಮಾ ನಮ್ಮನ್ನು ಸೀದಾ ಆ ಮನೆಯೊಳಕ್ಕೇ ಕರೆದುಕೊಂಡು ಹೋಗುತ್ತದೆ.

ಹಳೆಯ ಕಾಲದ ಸಿನಿಮಾದವರ ಮೇಲೆ ಬರುವ ಚಿತ್ರಗಳಲ್ಲಿ ಗೋಳು ಜಾಸ್ತಿ. ಮುಚ್ಚಿಹೋದ ಟಾಕೀಸು, ಕುಡಿದು ಹಾಳಾದ ನಾಯಕ, ಎಲ್ಲರೂ ಮರೆತ ನಾಯಕಿ. ನೋಡಿ ಮುಗಿಸಿದ ಮೇಲೆ ಎದೆ ಭಾರ. ಇದು ಹಾಗಲ್ಲ. ಮೊದಲಿನಿಂದ ಕೊನೆವರೆಗೂ ನಗು ನಗುತ್ತಲೇ ನೋಡಿದೆವು. ಕಷ್ಟವಿಲ್ಲ ಅಂತಲ್ಲ. ವಿಮೆ ಪಾಲಿಸಿ ಅಡ ಹೋಗುತ್ತದೆ, ಮನೆಯ ಸಾಮಾನು ಹೋಗುತ್ತದೆ, ಹೆಂಡತಿಯ ಒಡವೆ ಹೋಗುತ್ತದೆ. ಆದರೂ ಆ ಮನೆಯಲ್ಲಿ ಒಂದು ಹಬ್ಬದ ಗಡಿಬಿಡಿ ಇದೆ. ಹೊಸದೊಂದನ್ನು ಮಾಡುತ್ತಿದ್ದೇವೆ ಅನ್ನುವ ಖುಷಿ. ಫಾಲ್ಕೆಯಾಗಿ ನಂದು ಮಾಧವ್ ಹೇಗೆ ಓಡಾಡುತ್ತಾನೆ ನೋಡು, ಕಾಲು ನೆಲದ ಮೇಲೆ ನಿಲ್ಲುವುದೇ ಇಲ್ಲ. ಫಾಲ್ಕೆ ಮುಂದೆ ತುಂಬ ಕಷ್ಟಪಟ್ಟರು, 1944ರಲ್ಲಿ ನಾಸಿಕ್‌ನಲ್ಲಿ ತೀರಿಕೊಂಡರು. ಚಿತ್ರ ಆ ವರ್ಷಗಳ ತನಕ ಹೋಗುವುದೇ ಇಲ್ಲ. ಒಳ್ಳೆಯದೇ ಮಾಡಿದರು ಅನ್ನಿಸಿತು ನನಗೆ. ಒಬ್ಬ ಮನುಷ್ಯನ ಖುಷಿಯ ಕಾಲವನ್ನು ಅಷ್ಟಕ್ಕೇ ಬಿಟ್ಟು ತೋರಿಸುವುದೂ ಒಂದು ಮರ್ಯಾದೆ, ಅಲ್ವಾ?

ಬಟಾಣಿ ಗಿಡದ ವಿಷಯ ನಿನಗೆ ಹೇಳಲೇಬೇಕು. ಫಾಲ್ಕೆ 1912ರಲ್ಲಿ ಲಂಡನ್ನಿಗೆ ಹೋಗಿ ಸಿನಿಮಾ ಕೆಲಸ ನೋಡಿ ಕಲಿತು, ವಿಲಿಯಮ್ಸನ್ ಕ್ಯಾಮೆರಾ ಕೊಂಡು ಬಂದರು. ಕೈಯಲ್ಲಿ ಕ್ಯಾಮೆರಾ ಇದೆ, ದುಡ್ಡಿಲ್ಲ. ದುಡ್ಡು ಕೊಡುವವರಿಗೆ ಇದು ಏನು ಅಂತಲೇ ಗೊತ್ತಿಲ್ಲ. ಆಗ ಒಂದು ಕುಂಡದಲ್ಲಿ ಬಟಾಣಿ ಕಾಳು ಊರಿ, ಕ್ಯಾಮೆರಾವನ್ನು ಅದರ ಮುಂದೆ ನಿಲ್ಲಿಸಿ, ದಿನಾ ಒಂದೊಂದು ಚಿತ್ರ ತೆಗೆಯುತ್ತಾ ಹೋದರು. ತಿಂಗಳಿಗೂ ಮೇಲೆ ಹಾಗೆ ಕಾದರು. ಕೊನೆಗೆ ಓಡಿಸಿ ತೋರಿಸಿದರೆ ಕಾಳು ಒಡೆದು, ಮೊಳಕೆ ಎದ್ದು, ಬಳ್ಳಿಯಾಗಿ ಕಣ್ಣೆದುರಿಗೇ ಬೆಳೆಯಿತು. ಸಾಲ ಹುಟ್ಟಿತು! ನೀನು ಕಂಪ್ಯೂಟರಿನಲ್ಲಿ ಇಂಥದ್ದನ್ನು ಅರ್ಧ ಗಂಟೆಯಲ್ಲಿ ಮಾಡಿಬಿಡುತ್ತೀಯ. ಅವರು ದಿನಾ ಬೆಳಿಗ್ಗೆ ಗಿಡಕ್ಕೆ ನೀರು ಹಾಕಿ, ಬೆಳಕು ನೋಡಿ, ಕುಂಡ ಒಂದು ಚೂರೂ ಅಲುಗದ ಹಾಗೆ ಕಾಪಾಡಬೇಕಿತ್ತು.

ಆಮೇಲೆ ಪಾತ್ರಧಾರಿಗಳ ಪರದಾಟ. ತಾರಾಮತಿ ಮಾಡಲು ಒಬ್ಬ ಹೆಂಗಸೂ ಸಿಗಲಿಲ್ಲ. ಕೊನೆಗೆ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಸಾಳುಂಕೆ ಅನ್ನುವ ಹುಡುಗ ತಾರಾಮತಿಯಾದ. (ಇದೇ ಸಾಳುಂಕೆ 1917ರ ‘ಲಂಕಾ ದಹನ’ದಲ್ಲಿ ರಾಮನೂ ಆದ, ಸೀತೆಯೂ ಆದ!) ಹೆಣ್ಣು ವೇಷದವರಿಗೆ ಮೀಸೆ ತೆಗೆಯಿರಿ ಅಂದರೆ, ಅಪ್ಪ ಇನ್ನೂ ಬದುಕಿದ್ದಾರೆ, ಮೀಸೆ ಹೇಗೆ ತೆಗೆಯುವುದು ಅಂತ ಹಟ ಹಿಡಿಯುತ್ತಾರೆ. ನಿಮ್ಮಪ್ಪ ಅಲ್ಲಿ ಬಿದ್ದು ಬಿದ್ದು ನಕ್ಕರು. ನಮ್ಮ ಕಡೆಯೂ ಅದೇ ಶಾಸ್ತ್ರ ತಾನೆ. ಸಿನಿಮಾದಲ್ಲಿ ಕೆಲಸ ಅಂದರೆ ಮರ್ಯಾದೆ ಇಲ್ಲದ ಕಾಲ ಅದು. ಯಾರಾದರೂ ಕೇಳಿದರೆ ಹರಿಶ್ಚಂದ್ರನ ಫ್ಯಾಕ್ಟರಿಯಲ್ಲಿ ಕೆಲಸ ಅನ್ನಿ ಅಂತ ಫಾಲ್ಕೆ ಅವರಿಗೆ ಹೇಳಿಕೊಟ್ಟಿದ್ದರು.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಸರಸ್ವತೀಬಾಯಿಯ ವಿಷಯ. ಫಾಲ್ಕೆಯ ಹೆಂಡತಿ. ವಿಭಾವರಿ ದೇಶಪಾಂಡೆ ಆ ಪಾತ್ರ ಮಾಡಿದ್ದಾಳೆ, ಎಷ್ಟು ಹಗುರವಾಗಿ ಮಾಡಿದ್ದಾಳೆ ಅಂದರೆ ಪಕ್ಕದ ಮನೆಯವಳನ್ನು ನೋಡಿದ ಹಾಗಿದೆ. ಆಗ ಫಿಲ್ಮ್ ಸುರುಳಿ ಬರುತ್ತಿದ್ದಾಗ ಅದರ ಅಂಚಿನಲ್ಲಿ, ಕ್ಯಾಮೆರಾದ ಹಲ್ಲು ಸಿಕ್ಕಿ ಎಳೆಯಲು ಬೇಕಾದ ತೂತುಗಳು ಇರುತ್ತಿರಲಿಲ್ಲ. ನಾವೇ ಮಷೀನಿನಲ್ಲಿ ಹಾಕಬೇಕು. ಬೆಳಕು ತಾಗಿದರೆ ಫಿಲ್ಮ್ ಹಾಳು, ಆದ್ದರಿಂದ ಕತ್ತಲ ಕೋಣೆಯಲ್ಲಿ ಕೂತು ಹಾಕಬೇಕು. ಆ ಕೆಲಸ ಸರಸ್ವತೀಬಾಯಿಯದು. ಲೆಕ್ಕ ಹಾಕಿ ನೋಡು. ಒಂದು ಅಡಿ ಫಿಲ್ಮಿಗೆ 16 ಚೌಕ, ಅಂದರೆ 16 ಚಿತ್ರ, ಚೌಕಕ್ಕೆ ಒಂದು ಅಂಚಿಗೆ 4 ತೂತು. ಎರಡೂ ಅಂಚು ಸೇರಿ ಅಡಿಗೆ 128. ‘ರಾಜಾ ಹರಿಶ್ಚಂದ್ರ’ 3,700 ಅಡಿ ಇತ್ತು. ನಾಲ್ಕು ಲಕ್ಷ ಎಪ್ಪತ್ತು ಸಾವಿರ ದಾಟುತ್ತದೆ! ಒಂದು ತೂತು ಓರೆಯಾದರೂ ಪರದೆಯ ಮೇಲೆ ಚಿತ್ರ ಕುಣಿಯುತ್ತದೆ. ಹಗಲು ಎಲ್ಲರಿಗೂ ಅಡುಗೆ, ಬಿಸಿಲಿನಲ್ಲಿ ಬೆಳಕು ತಿರುಗಿಸಲು ಬಿಳಿ ಬಟ್ಟೆ ಹಿಡಿದು ನಿಲ್ಲುವುದು, ಮಕ್ಕಳು. ರಾತ್ರಿ ಈ ಕೆಲಸ. ಫಿಲ್ಮ್ ತೊಳೆಯುವ ಮದ್ದು ಕಲಸುವುದನ್ನೂ ಕಲಿತಿದ್ದಳಂತೆ.

ಆ ಬಿಳಿ ಬಟ್ಟೆ ನೋಡಿದಾಗ ನನಗೆ ನಮ್ಮ ತವರು ನೆನಪಾಯಿತು. ಶ್ರೀರಂಗಪಟ್ಟಣದ ಹತ್ತಿರದ ನಮ್ಮ ಮಹದೇವಪುರದಲ್ಲಿ ಶೂಟಿಂಗ್ ಅಂದರೆ ಹೊಸದೇನಲ್ಲ. ಕಾವೇರಿ ದಂಡೆ, ಗದ್ದೆ ಬದು, ಕಲ್ಲು ಮಂಟಪ ಎಲ್ಲ ಸಿನಿಮಾದಲ್ಲಿ ಬಂದಿವೆ. ಊರಿನವರೆಲ್ಲ ಹೀರೋ ನೋಡಲು ಮುಗಿಬಿದ್ದರೆ, ನಾನು ರಿಫ್ಲೆಕ್ಟರ್ ಹಿಡಿದ ಹುಡುಗನನ್ನು ನೋಡುತ್ತಾ ನಿಂತಿರುತ್ತಿದ್ದೆ. ಬೆಳ್ಳಿ ಕಾಗದ ಅಂಟಿಸಿದ ಅಷ್ಟು ದೊಡ್ಡ ಹಲಗೆ. ಮೋಡ ಬಂದರೆ ಇಳಿಸುತ್ತಿದ್ದ, ಬಿಸಿಲು ಬಂದರೆ ಎತ್ತುತ್ತಿದ್ದ. ಅವನು ಮಣಿಕಟ್ಟು ಒಂದು ಚೂರು ತಿರುಗಿಸಿದರೆ ಸಾಕು, ಮರದ ನೆರಳಿನಲ್ಲಿ ನಿಂತ ನಾಯಕಿಯ ಮುಖ ಫಳ್ ಅಂತ ಬೆಳಗುತ್ತಿತ್ತು. ಅಜ್ಜಿ ಅವನಿಗೆ ಮಜ್ಜಿಗೆ ಕೊಟ್ಟರೆ ಒಂದೇ ಕೈಯಲ್ಲಿ ಲೋಟ ಹಿಡಿದು ಕುಡಿದ. ಇನ್ನೊಂದು ಕೈ ಹಲಗೆ ಬಿಡಲಿಲ್ಲ. ಆ ಸಿನಿಮಾ ಯಾವುದು ಅನ್ನುವುದೇ ನನಗೆ ಮರೆತಿದೆ, ಆ ಕೈ ಮರೆತಿಲ್ಲ.

ಕನ್ನಡದವರೂ ಈ ದಾರಿ ನಡೆದಿದ್ದಾರೆ ಪುಟ್ಟಿ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಅದನ್ನು ತೆಗೆದದ್ದು ನಮ್ಮ ನಾಡಿನಲ್ಲಲ್ಲ, ಕೊಲ್ಲಾಪುರದಲ್ಲಿ. ನಾಯಕ ಸುಬ್ಬಯ್ಯ ನಾಯ್ಡು, ನಾಟಕ ಕಂಪನಿಯ ನಟ, ನಮ್ಮ ಲೋಕೇಶ್ ಅವರ ತಂದೆ. ರಂಗದ ಮೇಲೆ ಕೊನೆಯ ಸಾಲಿಗೂ ಕೇಳುವ ಹಾಗೆ ಕೂಗಿ ಅಭ್ಯಾಸವಾದವರು, ಮೈಕಿನ ಮುಂದೆ ನಿಂತು ದನಿ ತಗ್ಗಿಸುವುದನ್ನು ಹೊಸದಾಗಿ ಕಲಿಯಬೇಕಾಯಿತಲ್ಲ, ಅದರ ಮೇಲೊಂದು ಸಿನಿಮಾ ಬರಬೇಕು. ಆಮೇಲೆ ನಮ್ಮ ಮೈಸೂರಿನಲ್ಲೇ ಪ್ರೀಮಿಯರ್ ಸ್ಟುಡಿಯೋ ಬಂತು. ಅಲ್ಲಿ ಸೆಟ್ಟು ಹಾಕಿದ ಬಡಗಿಗಳು, ಬಣ್ಣ ಬಳಿದವರು, ಸೀರೆ ಇಸ್ತ್ರಿ ಮಾಡಿದವರು ಇದೇ ಊರಿನ ಬೀದಿಗಳಲ್ಲಿ ಇದ್ದವರು. ಅವರ ಕಥೆಯನ್ನು ಹೀಗೆ ನಗುನಗುತ್ತಾ ಹೇಳುವ ಒಂದು ಕನ್ನಡ ಚಿತ್ರ ನೋಡಬೇಕು ಅಂತ ನನಗೆ ತುಂಬ ಆಸೆ.

ಈ ಚಿತ್ರದಲ್ಲಿ ನನಗೆ ಒಂದು ಕೊರತೆ ಕಂಡಿತು. ಎಲ್ಲವೂ ಓಡುತ್ತದೆ. ಸರಸ್ವತೀಬಾಯಿಯ ಒಡವೆ ಹೋಗುವ ಜಾಗದಲ್ಲಿ, ಅವಳು ಕತ್ತಲಲ್ಲಿ ಕೂರುವ ಜಾಗದಲ್ಲಿ ಇನ್ನೊಂದು ಗಳಿಗೆ ನಿಲ್ಲಬೇಕಿತ್ತು. ನೀನು ಎಡಿಟ್ ಮಾಡಿದ್ದರೆ ನಿಲ್ಲಿಸುತ್ತಿದ್ದೆಯೇನೋ. ‘ರಾಜಾ ಹರಿಶ್ಚಂದ್ರ’ ಈಗ ಪೂರ್ತಿಯಾಗಿ ಉಳಿದಿಲ್ಲ. ಅದಕ್ಕೇ ಅವಳ ಕೈಕೆಲಸವನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕು ಅನ್ನಿಸಿತು.

ಈ ವಾರ ಬಿಡುವು ಮಾಡಿಕೊಂಡು ನೋಡು. ಫೋನಿನಲ್ಲಿ ತುಣುಕು ತುಣುಕಾಗಿ ನೋಡಬೇಡ, ಒಂದೇ ಸಲ ಕೂತು ನೋಡು. ನೋಡಿದ ಮೇಲೆ ನಿಮ್ಮ ಸ್ಟುಡಿಯೋದಲ್ಲಿ ಫಿಲ್ಮ್ ಕಾಲದ ಹಿರಿಯರು ಯಾರಾದರೂ ಇದ್ದರೆ ನನಗೋಸ್ಕರ ಒಂದು ಮಾತು ಕೇಳು. ಪೂರ್ತಿ ಕತ್ತಲಲ್ಲಿ ಫಿಲ್ಮಿನ ಮದ್ದು ಬಳಿದ ಪಕ್ಕ ಯಾವುದು ಅಂತ ಹೇಗೆ ಕಂಡುಹಿಡಿಯುತ್ತಿದ್ದರು? ಬೆರಳಿನಿಂದ ಮುಟ್ಟಿಯೋ, ಇನ್ನು ಹೇಗೋ? ನಿಮ್ಮಪ್ಪನೂ ನಾನೂ ಮೂರು ದಿನದಿಂದ ಇದರ ಮೇಲೇ ವಾದ ಮಾಡುತ್ತಿದ್ದೇವೆ. ಕೇಳಿ ಬರೆ.

ನಿನ್ನ ಅಮ್ಮ