ಮಂಗನ ಕಾಯಿಲೆಯ ವೈರಸ್ಸನ್ನು ಬೇಸಿಗೆಯಲ್ಲಿ ಮಾತ್ರ ನೆನೆದರೆ ಸಾಲದು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಮಂಗನ ಕಾಯಿಲೆಯ ವೈರಸ್ ಪತ್ತೆಯಾಗಿದ್ದು 1957ರಲ್ಲಿ. ಇಷ್ಟು ವರ್ಷವಾದರೂ ಅದಕ್ಕೊಂದು ಮಾತ್ರೆ ಇಲ್ಲ. ಹಾಗಿರುವಾಗ ವೈರಸ್ಸನ್ನು ಬಾಟಲಿಯಲ್ಲಿ ಬೆಳೆಸಿ ನೋಡುತ್ತಾ ಕೂರುವ ಸಂಶೋಧನೆಗೆ ದುಡ್ಡು ಯಾಕೆ, ಅದನ್ನು ಆಸ್ಪತ್ರೆಗಳಿಗೆ ಕೊಡಬಾರದೇ ಅಂತ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಅವರು ಹೇಳುವ ದಾರಿ ಹಿಡಿದರೆ ಮಾತ್ರೆ ಇನ್ನೂ ದೂರ ಹೋಗುತ್ತದೆ. ಆ ಬಾಟಲಿಯ ಕೆಲಸ ಈ ವೈರಸ್ಸಿನ ಮಟ್ಟಿಗೆ ತೀರಾ ಕಡಿಮೆ ನಡೆದಿದೆ ಅನ್ನುವುದೇ ನನ್ನ ದೂರು.

ನಾನು ಪುಣೆಯ ಒಂದು ಪ್ರಯೋಗಾಲಯದಲ್ಲಿ ಕೋಶ ಬೆಳೆಸುವ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದೆ. ಈಗ ನಿವೃತ್ತಳು. ತವರು ಸಾಗರ ತಾಲ್ಲೂಕು. 2019ರಲ್ಲಿ ಅರಳಗೋಡಿನ ಸುತ್ತ ಕಾಯಿಲೆ ಹಬ್ಬಿದಾಗ ನಮ್ಮ ಚಿಕ್ಕಪ್ಪನ ಮಗನೂ ಮಲಗಿದ. ಮೊದಲು ಜ್ವರ, ತಲೆ ಎತ್ತಲಾಗದಷ್ಟು ನೋವು. ಆಮೇಲೆ ಜ್ವರ ಬಿಟ್ಟಿತು. ಮನೆಯವರೆಲ್ಲ ಉಸಿರು ಬಿಟ್ಟರು. ಕೆಲವು ದಿನ ಬಿಟ್ಟು ಮತ್ತೆ ಜ್ವರ ಏರಿತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಅತ್ತಿಗೆ ಫೋನಿನಲ್ಲಿ, 'ಅಕ್ಕಾ, ನೀವು ವೈರಸ್ ಆಫೀಸಲ್ಲೇ ಇದ್ದವರಲ್ವಾ, ಬಿಟ್ಟ ಜ್ವರ ಯಾಕೆ ವಾಪಸ್ ಬಂತು?' ಅಂತ ಕೇಳಿದರು. ಕೆಲವರಲ್ಲಿ ಈ ಕಾಯಿಲೆ ಹೀಗೆ ಎರಡು ಸಲ ಕಾಡುತ್ತದೆ ಅಂತ ಮಾತ್ರ ಹೇಳಿದೆ. ಅವನು ಉಳಿದ. ಅದೇ ಊರಿನಲ್ಲಿ ಎಲ್ಲರೂ ಉಳಿಯಲಿಲ್ಲ.

ಪುಣೆಗೂ ಈ ಕಾಯಿಲೆಗೂ ಹಳೆಯ ನಂಟಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬೀಳುತ್ತಿದ್ದಾಗ ಹೋಗಿ ಮಾದರಿ ತಂದವರು ಇಲ್ಲಿನ ವೈರಸ್ ಸಂಶೋಧನಾ ಕೇಂದ್ರದವರು. ಆ ಕೇಂದ್ರ ಶುರುವಾಗಿದ್ದು 1952ರಲ್ಲಿ. ಅದೇ ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಹಳದಿ ಜ್ವರ ಭಾರತಕ್ಕೂ ಬಂತೇನೋ ಅನ್ನುವ ಭಯ ಮೊದಲು ಇತ್ತು. ನೋಡಿದರೆ ರಷ್ಯಾದ ಕಡೆ ರಕ್ತ ಹೀರುವ ಉಣ್ಣೆಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ನೆಂಟ. ಇದನ್ನು ಹರಡುವುದೂ ಕಾಡಿನ ಉಣ್ಣೆಯೇ, ನಮ್ಮ ಕಡೆ ಉಣುಗು ಅನ್ನುತ್ತೇವೆ.

ಇನ್ನು ಬಾಟಲಿಯ ವಿಷಯ. ನಮ್ಮ ವಿಭಾಗದಲ್ಲಿ ಮಂಗನ ಕಾಯಿಲೆಯ ವೈರಸ್ ಮುಟ್ಟುತ್ತಿರಲಿಲ್ಲ. ಅದಕ್ಕೆ ಬೇರೆಯೇ ಬಂದೋಬಸ್ತಿನ ಲ್ಯಾಬ್ ಬೇಕು. ಹಿಂದೆ ಪ್ರಯೋಗಾಲಯದವರಿಗೇ ಅದು ತಗುಲಿದ್ದುಂಟು. ನಮ್ಮದು ಡೆಂಗಿ, ಚಿಕುನ್‌ಗುನ್ಯ. ಆಫ್ರಿಕಾದ ಹಸಿರು ಮಂಗದ ಮೂತ್ರಪಿಂಡದಿಂದ 1962ರಲ್ಲಿ ಜಪಾನಿನಲ್ಲಿ ಬೆಳೆಸಿದ ವೆರೋ ಕೋಶಗಳು ಜಗತ್ತಿನ ಎಲ್ಲ ವೈರಸ್ ಲ್ಯಾಬುಗಳಲ್ಲೂ ಇವೆ. 37 ಡಿಗ್ರಿ ಶಾಖದಲ್ಲಿ, ಗುಲಾಬಿ ಬಣ್ಣದ ದ್ರವದಲ್ಲಿ ಅವು ಬಾಟಲಿಯ ತಳಕ್ಕೆ ಅಂಟಿಕೊಂಡು ಹರಡುತ್ತವೆ. ದ್ರವ ಹಳದಿಗೆ ತಿರುಗಿದರೆ ಬದಲಾಯಿಸುವ ಹೊತ್ತಾಯಿತು ಅಂತ ಅರ್ಥ. ಚಿಕುನ್‌ಗುನ್ಯ ಹಾಕಿದರೆ ಒಂದೆರಡು ದಿನಕ್ಕೇ ಕೋಶಗಳು ಉಂಡೆಯಾಗಿ, ತಳ ಬಿಟ್ಟು ತೇಲುತ್ತವೆ. ಡೆಂಗಿ ನಿಧಾನ, ಅದಕ್ಕೆ ತಾಳ್ಮೆ ಬೇಕು. ಈ ಕಾಯುವಿಕೆ ಹೊರಗಿನವರಿಗೆ ಸುಮ್ನೆ ಕೂತಂತೆ ಕಾಣುತ್ತದೆ. ಆದರೆ ಆ ಹೊತ್ತಿನಲ್ಲಿ ಕೋಶದೊಳಗೆ ನಡೆಯುವುದನ್ನು ತಿಳಿಯದೆ ಮಾತ್ರೆ ಹುಟ್ಟುವುದಿಲ್ಲ.

ಮಂಗನ ಕಾಯಿಲೆಯ ವೈರಸ್ಸಿನ ಆನುವಂಶಿಕ ಸಂದೇಶ, ಡೆಂಗಿಯ ಹಾಗೆಯೇ, ಸುಮಾರು 11,000 ಅಕ್ಷರಗಳ ಒಂದೇ ಒಂದು ಆರ್‌ಎನ್‌ಎ ಎಳೆ. ಕೋಶದೊಳಗೆ ಹೋದ ಕೂಡಲೇ ಕೋಶದ ರೈಬೋಸೋಮ್‌ಗಳು ಅದನ್ನು ತಮ್ಮದೇ ಸಂದೇಶ ಎಂಬಂತೆ ಓದಿ ಒಂದು ಉದ್ದನೆಯ ಪ್ರೋಟೀನ್ ಕಟ್ಟುತ್ತವೆ. ಅದು ತುಂಡಾಗಿ ವೈರಸ್ಸಿಗೆ ಬೇಕಾದ ಭಾಗಗಳಾಗುತ್ತದೆ. ಆ ಭಾಗಗಳು ಕೋಶದೊಳಗಿನ ಪೊರೆಯನ್ನು ಬಗ್ಗಿಸಿ ಸಣ್ಣ ಸಣ್ಣ ಗೂಡು ಮಾಡಿಕೊಳ್ಳುತ್ತವೆ. ನಕಲು ನಡೆಯುವುದು ಆ ಗೂಡಿನ ಮರೆಯಲ್ಲಿ, ಕೋಶದ ಕಾವಲಿನ ಕಣ್ಣು ತಪ್ಪಿಸಿ. ನಕಲು ಮಾಡುವ ಪ್ರೋಟೀನ್ ಹೆಸರು ಪಾಲಿಮರೇಸ್.

ನಿಮ್ಮ ಕಚೇರಿಯಲ್ಲಿ ಕರಡು ತಿದ್ದುವವರು ಇರುತ್ತಾರೆ. ಈ ಪಾಲಿಮರೇಸ್‌ಗೆ ಅಂಥವರಿಲ್ಲ. ಹತ್ತು ಸಾವಿರದಿಂದ ಲಕ್ಷ ಅಕ್ಷರಕ್ಕೆ ಒಂದು ತಪ್ಪು ಸಾಮಾನ್ಯ. ಅಂದರೆ ಒಂದೇ ರೋಗಿಯ ಮೈಯಲ್ಲಿ ಒಂದಕ್ಕೊಂದು ಸ್ವಲ್ಪ ಬೇರೆಯಾದ ವೈರಸ್ಸುಗಳ ಹಿಂಡೇ ಇರುತ್ತದೆ. ಹೆಚ್ಚಿನ ತಪ್ಪುಗಳು ವೈರಸ್ಸಿಗೇ ನಷ್ಟ. ಯಾವುದೋ ಒಂದು ಲಾಭ. ಕೊರೊನಾ ವೈರಸ್ಸಿನ ಎಳೆ ಸುಮಾರು 30,000 ಅಕ್ಷರ. ಅಷ್ಟು ಉದ್ದ ಇರಲು ಅದಕ್ಕೆ ಸಾಧ್ಯವಾಗಿದ್ದು ತಪ್ಪು ತಿದ್ದುವ ಒಂದು ಕಿಣ್ವ ಅದರ ಹತ್ತಿರ ಇರುವುದರಿಂದ. ಆದರೂ ಅದು ಎಷ್ಟು ಬದಲಾಯಿತು ಅಂತ ನಾವೆಲ್ಲ ನೋಡಿದೆವು.

ಒಂದು ಅಕ್ಷರದ ಬೆಲೆ ಎಷ್ಟು ಅಂತ ಚಿಕುನ್‌ಗುನ್ಯ ತೋರಿಸಿಕೊಟ್ಟಿತು. 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಅದರ ಹೊರಕವಚದ ಪ್ರೋಟೀನಿನಲ್ಲಿ 226ನೇ ಜಾಗದ ಒಂದು ಅಮೈನೊ ಆಮ್ಲ, ಅಂದರೆ ಪ್ರೋಟೀನಿನ ಒಂದು ಇಟ್ಟಿಗೆ, ಒಂದೇ ಅಕ್ಷರದ ತಪ್ಪಿನಿಂದ ಬದಲಾಯಿತು. ಅಷ್ಟಕ್ಕೇ ತೋಟ, ಕಾಡಂಚಿನ ಏಷ್ಯನ್ ಟೈಗರ್ ಸೊಳ್ಳೆಯಲ್ಲಿ ಅದು ಚೆನ್ನಾಗಿ ಬೆಳೆಯತೊಡಗಿತು. 2007ರಲ್ಲಿ ಕೇರಳದ ತೋಟಗಳ ಕಡೆ ಅದೇ ಬದಲಾವಣೆ ಕಂಡಿತು. ಆ ಒಂದು ಬದಲಾವಣೆಯೇ ಕಾರಣ ಅಂತ ಗೊತ್ತಾಗಿದ್ದು ಲ್ಯಾಬಿನಲ್ಲಿ ಎರಡು ಥರದ ವೈರಸ್ ಮಾಡಿ ಸೊಳ್ಳೆಗಳಿಗೆ ಊಡಿಸಿ ನೋಡಿದ ಮೇಲೆ. ಬರೀ ರೋಗಿಗಳ ಲೆಕ್ಕ ಇಟ್ಟಿದ್ದರೆ ಗೊತ್ತಾಗುತ್ತಿರಲಿಲ್ಲ.

ಈಗ ಮಾತ್ರೆಯ ಪ್ರಶ್ನೆಗೆ ಬರುತ್ತೇನೆ. ಹೆಪಟೈಟಿಸ್ ಸಿ ವೈರಸ್ ಮಂಗನ ಕಾಯಿಲೆಯ ವೈರಸ್ಸಿನ ಕುಟುಂಬದ್ದೇ, ಫ್ಲಾವಿವಿರಿಡೆ. 1989ರಲ್ಲಿ ಅದು ಪತ್ತೆಯಾಯಿತು. ಹತ್ತು ವರ್ಷ ಅದನ್ನು ಬಾಟಲಿಯ ಕೋಶದಲ್ಲಿ ಸರಿಯಾಗಿ ಬೆಳೆಸಲು ಯಾರಿಂದಲೂ ಆಗಲಿಲ್ಲ. ಔಷಧಿ ಹಾಕಿ ನೋಡಬೇಕೆಂದರೆ ವೈರಸ್ ಬೆಳೆಯಬೇಕಲ್ಲ! 1999ರಲ್ಲಿ ಜರ್ಮನಿಯ ವಿಜ್ಞಾನಿಗಳು ಆ ವೈರಸ್ಸಿನ ಆರ್‌ಎನ್‌ಎ ಯಕೃತ್ತಿನ ಕೋಶದೊಳಗೆ ತನ್ನಷ್ಟಕ್ಕೇ ನಕಲಾಗುವ ಹಾಗೆ ಮಾಡಿದರು. ಆಮೇಲೆ ಒಂದು ಸಂಗತಿ ಗೊತ್ತಾಯಿತು. ಆ ಬಾಟಲಿಯಲ್ಲಿ ಚೆನ್ನಾಗಿ ಬೆಳೆಯುತ್ತಿದ್ದ ಆರ್‌ಎನ್‌ಎಗಳು ಅಲ್ಲೇ ಬದಲಾಗಿ ಆ ಕೋಶಕ್ಕೆ ಒಗ್ಗಿಕೊಂಡಿದ್ದವು. ವಿಕಾಸ ಅವರ ಕಣ್ಣೆದುರೇ ನಡೆದಿತ್ತು. ಈ ದಾರಿ ಸಿಕ್ಕಿದ ಮೇಲೆ ಸಾವಿರಾರು ರಾಸಾಯನಿಕಗಳನ್ನು ಪರೀಕ್ಷೆ ಮಾಡಲು ಆಯಿತು. 2013ರಲ್ಲಿ ಸೊಫೊಸ್ಬುವಿರ್ ಬಂತು. ಅದು ಪಾಲಿಮರೇಸ್‌ಗೆ ಕೊಡುವ ಹುಸಿ ಅಕ್ಷರ. ಅದನ್ನು ಸೇರಿಸಿಕೊಂಡರೆ ನಕಲು ಅಲ್ಲಿಗೇ ನಿಲ್ಲುತ್ತದೆ. ಆರ್‌ಎನ್‌ಎ ನೋಡಿ ಆರ್‌ಎನ್‌ಎ ಬರೆಯುವ ಇಂಥ ಪಾಲಿಮರೇಸ್ ನಮ್ಮ ಕೋಶಕ್ಕೆ ಇಲ್ಲದಿರುವುದರಿಂದ ನಮಗೆ ಅಪಾಯ ಕಡಿಮೆ. ವೈರಸ್ ಬದಲಾಗಿ ತಪ್ಪಿಸಿಕೊಳ್ಳದಿರಲಿ ಅಂತ ಎರಡು ಔಷಧಿ ಸೇರಿಸಿ ಕೊಡುತ್ತಾರೆ. ಸಾಮಾನ್ಯವಾಗಿ 12 ವಾರ ಮಾತ್ರೆ ತೆಗೆದುಕೊಂಡರೆ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಪೂರ್ತಿ ಗುಣವಾಗುತ್ತಾರೆ. ನಮ್ಮ ದೇಶದ ಕಂಪನಿಗಳೇ ಅದನ್ನು ಕಡಿಮೆ ಬೆಲೆಗೆ ಮಾಡುತ್ತಿವೆ. ಈ ವೈರಸ್ಸಿನ ಪತ್ತೆಗೆ 2020ರಲ್ಲಿ ನೊಬೆಲ್ ಕೂಡ ಬಂತು.

ಒಂದೇ ಕುಟುಂಬದ ಎರಡು ವೈರಸ್. ಒಂದು ಶ್ರೀಮಂತ ದೇಶಗಳಲ್ಲೂ ಇತ್ತು, ಅದಕ್ಕೆ ಮಾತ್ರೆ ಬಂತು. ಇನ್ನೊಂದು ದರಕು ತರಲು, ಸೌದೆಗೆ, ದನ ಕಾಯಲು ಕಾಡಿಗೆ ಹೋಗುವ ನಮ್ಮವರದು. ಅದು 1957ರಿಂದ ಕಾಯುತ್ತಿದೆ. ನನಗೆ ಇದು ನೋವಿನ ಮಾತು.

ಲಸಿಕೆಯ ಕಥೆಯೂ ಬೇರೆ ಇಲ್ಲ. ಕೋಳಿ ಭ್ರೂಣದ ಕೋಶದಲ್ಲಿ ಬೆಳೆಸಿ ಫಾರ್ಮಲಿನ್ ಹಾಕಿ ನಿಷ್ಕ್ರಿಯ ಮಾಡಿದ ಲಸಿಕೆ ಇತ್ತು. ಒಂದೆರಡು ಡೋಸಿಗೆ ಮುಗಿಯದೆ ಮತ್ತೆ ಮತ್ತೆ ಬೂಸ್ಟರ್ ಚುಚ್ಚಿಸಿಕೊಳ್ಳಬೇಕಿತ್ತು. 2022ರಲ್ಲಿ ಅದೂ ನಿಂತಿತು. ಈಗ ಹೊಸದರ ಕೆಲಸ ನಡೆಯುತ್ತಿದೆ, ಒಳ್ಳೆಯದಾಗಲಿ. ಆದರೆ ಲಸಿಕೆ ಬಂದ ಮೇಲೂ ವೈರಸ್ ಎತ್ತ ಬದಲಾಗುತ್ತಿದೆ ಅಂತ ನೋಡುತ್ತಲೇ ಇರಬೇಕು. ಉಣ್ಣೆಯಿಂದ ಹರಡುವ ಈ ಜಾತಿಯ ವೈರಸ್ಸುಗಳು ಸೊಳ್ಳೆಯವಕ್ಕಿಂತ ನಿಧಾನವಾಗಿ ಬದಲಾಗುತ್ತವೆ. ಅದು ನಮ್ಮ ಪುಣ್ಯ. ಉಣ್ಣೆಯ ಜೀವನಚಕ್ರ ಸೊಳ್ಳೆಯದಕ್ಕಿಂತ ತುಂಬಾ ಉದ್ದವಾಗಿರುವುದು ಇದಕ್ಕೊಂದು ಕಾರಣ. ನಿಧಾನ ಅಂದರೆ ನಿಂತಿದೆ ಅಂತ ಅಲ್ಲ. ಕಾಯಿಲೆ ಶಿವಮೊಗ್ಗ ಜಿಲ್ಲೆಯಿಂದ ಬಂಡೀಪುರದ ಕಡೆಗೆ, ವಯನಾಡಿಗೆ, ಗೋವಾದ ಸತ್ತರಿಗೆ, ಇಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದ ದೋಡಾಮಾರ್ಗಕ್ಕೂ ಬಂದಿದೆ.

ನಾನು ಕಣ್ಣಾರೆ ಕಂಡ ಒಂದು ವಿಷಯವನ್ನೂ ಬರೆಯಲೇಬೇಕು. ಕಾಯಿಲೆ ಹಬ್ಬಿದ ವರ್ಷ ಗುತ್ತಿಗೆಯ ಮೇಲೆ ಹುಡುಗ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ. ಕೋಶ ಸಾಯದಂತೆ, ಫಂಗಸ್ ಬರದಂತೆ ಬೆಳೆಸುವ ಕೈ ಪಳಗಲು ತುಂಬಾ ಸಮಯ ಬೇಕು. ಪಳಗುವ ಹೊತ್ತಿಗೆ ಯೋಜನೆ ಮುಗಿದಿರುತ್ತದೆ. ನಾನು ಕಲಿಸಿದವರಲ್ಲಿ ಜಾಸ್ತಿ ಜನ ಔಷಧಿ ಕಂಪನಿಗಳಿಗೆ ಹೋದರು, ಹೊಟ್ಟೆಪಾಡು ನೋಡಬೇಕಲ್ಲ. ಮುಂದಿನ ಸಲ ಮತ್ತೆ ಮೊದಲಿಂದ. ಇನ್ನೊಂದು ಹಾನಿ ಕಣ್ಣಿಗೆ ಬೀಳುವುದೇ ಇಲ್ಲ. ರೋಗಿಯಿಂದ ಬಂದ ವೈರಸ್ಸನ್ನು ಬಾಟಲಿಯಿಂದ ಬಾಟಲಿಗೆ ಹಾಯಿಸುತ್ತಾ ಹೋದರೆ ಅದು ಬಾಟಲಿಗೇ ಒಗ್ಗಿಕೊಳ್ಳುತ್ತದೆ. ಅದಕ್ಕೇ ಮೊದಲ ಹಾಯಿಸುವಿಕೆಯದನ್ನು ಸಣ್ಣ ಸಣ್ಣ ವಯಲ್ಲಿಗೆ ತುಂಬಿ, ಸಂಖ್ಯೆ ಬರೆದು, ಮೈನಸ್ 80 ಡಿಗ್ರಿಯಲ್ಲಿ ಕಾಪಾಡಬೇಕು. ಅದನ್ನು ಮಾಡುವ ಖಾಯಂ ಕೈಗಳೇ ಇಲ್ಲದಿದ್ದರೆ ಹತ್ತು ವರ್ಷದ ಹಿಂದಿನ ವೈರಸ್ಸಿಗೂ ಇವತ್ತಿನದಕ್ಕೂ ಏನು ವ್ಯತ್ಯಾಸ ಅಂತ ಯಾವುದನ್ನು ಇಟ್ಟುಕೊಂಡು ಹೋಲಿಸುತ್ತೀರಿ?

ಆಸ್ಪತ್ರೆಗೆ ಹಣ ಕೊಡಿ. ಅರಳಗೋಡಿನಂಥ ಊರಿಗೆ ಹತ್ತಿರದಲ್ಲೇ ಐಸಿಯು ಬೇಕು, ಎರಡು ಮಾತಿಲ್ಲ. ಅದಕ್ಕೆ ಲ್ಯಾಬಿನ ಹಣ ಕೀಳಬೇಡಿ. ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಸರ್ಕಾರಗಳು ಪ್ರತಿ ವರ್ಷ, ರೋಗಿಗಳು ಕಡಿಮೆ ಇದ್ದ ವರ್ಷವೂ, ರೋಗಿಗಳ, ಸತ್ತ ಮಂಗಗಳ, ಉಣ್ಣೆಗಳ ಮಾದರಿಯನ್ನು ಒಂದೇ ಕ್ರಮದಲ್ಲಿ ಸೀಕ್ವೆನ್ಸಿಂಗ್‌ಗೆ, ಅಂದರೆ ವೈರಸ್ಸಿನ ಅಕ್ಷರಗಳನ್ನು ಓದುವ ಪರೀಕ್ಷೆಗೆ, ಕಳಿಸಲಿ. ಕಂಡ ಬದಲಾವಣೆ ಕೋಶದಲ್ಲಿ ಏನು ಮಾಡುತ್ತದೆ ಅಂತ ನೋಡಲು ಪುಣೆಯಲ್ಲಿ ಖಾಯಂ ಹುದ್ದೆಗಳಿರಲಿ. ಹೆಪಟೈಟಿಸ್ ಸಿ, ಕೊರೊನಾಕ್ಕೆ ಮಾಡಿದ ಪಾಲಿಮರೇಸ್ ಔಷಧಿಗಳನ್ನು ಈ ವೈರಸ್ಸಿನ ಮೇಲೂ ವ್ಯವಸ್ಥಿತವಾಗಿ ಹಾಕಿ ನೋಡಲಿ.

ನಿಮ್ಮಲ್ಲೂ ಒಂದು ಕೋರಿಕೆ. ಮಂಗ ಸತ್ತ ಸುದ್ದಿ ಜನವರಿಯಿಂದ ಮೇವರೆಗೆ ನಿಮ್ಮ ಪುಟದಲ್ಲಿ ಬರುತ್ತದೆ, ಮಳೆ ಬಿದ್ದ ಮೇಲೆ ನಿಂತುಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲೂ ಒಬ್ಬ ವರದಿಗಾರರನ್ನು ಕಳಿಸಿ, ಹೋದ ಬೇಸಿಗೆಯ ಮಾದರಿಗಳು ಎಲ್ಲಿವೆ, ಅವುಗಳಲ್ಲಿ ಏನು ಕಂಡಿತು, ಎಷ್ಟು ಹುದ್ದೆ ಖಾಲಿ ಇವೆ ಅಂತ ಮೂರೂ ಸರ್ಕಾರಗಳನ್ನು ಕೇಳಿಸಿ ಬರೆಯಿರಿ.

– ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಕೋಥ್ರೂಡ್, ಪುಣೆ