ಅಂಡಮಾನಿಗೆ ಹೊರಟಿರುವ ಮಗಳಿಗೊಂದು ಪತ್ರ

ಬದಿಯಡ್ಕ, ಕಾಸರಗೋಡು

ಪ್ರೀತಿಯ ಮಗಳೇ,

ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಪ್ರವಾಸ ಸಂಸ್ಥೆಯವರು ಹೇಳಿದ ಮೊತ್ತವನ್ನು ಕೇಳಿ ನೀನೂ ನಿನ್ನ ಗೆಳತಿಯೂ ಅಂಡಮಾನಿನ ಪ್ರಯಾಣವನ್ನು ಮುಂದಿನ ವರ್ಷಕ್ಕೆ ದೂಡಲು ಯೋಚಿಸುತ್ತಿದ್ದೀರಿ ಎಂದು ಅಮ್ಮ ಹೇಳಿದಳು. ದೂಡಬೇಡಿ. ವಿಮಾನದ ಟಿಕೆಟ್ಟು, ಮಲಗಲು ಶುಚಿಯಾದ ಒಂದು ಕೋಣೆ, ದ್ವೀಪದಿಂದ ದ್ವೀಪಕ್ಕೆ ಹೋಗಲು ಹಡಗು, ಈ ಮೂರಕ್ಕೆ ಹಣ ಬೇಕೇ ಬೇಕು. ಅದರಾಚೆಗೆ ನಾನೂ ಅಮ್ಮನೂ ಅಲ್ಲಿ ಕಣ್ತುಂಬ ನೋಡಿದ ಬಹುಪಾಲು ಸಂಗತಿಗಳಿಗೆ ಹಣದ ಅಗತ್ಯವೇ ಇರಲಿಲ್ಲ. ಸರಿಯಾದ ತಿಥಿ ಮತ್ತು ಸರಿಯಾದ ಹೊತ್ತು ಬೇಕಾಗಿತ್ತು. ಆದುದರಿಂದ ದಿನಾಂಕವನ್ನು ಗೊತ್ತುಮಾಡುವ ಮೊದಲು ಈ ಪತ್ರವನ್ನು ನಿಧಾನವಾಗಿ ಓದು.

ಸಾಧ್ಯವಾದರೆ ಅಮಾವಾಸ್ಯೆಯ ಆಸುಪಾಸಿನ ದಿನಗಳಲ್ಲಿ ಹೋಗಿ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ಸೂರ್ಯಚಂದ್ರರ ಸೆಳೆತ ಒಂದೇ ರೇಖೆಯಲ್ಲಿ ಸೇರುವುದರಿಂದ ಸಮುದ್ರದ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಶಹೀದ್ ದ್ವೀಪದಲ್ಲಿ, ಅಂದರೆ 2018ರ ವರೆಗೆ ನೀಲ್ ಎಂದು ಕರೆಯುತ್ತಿದ್ದ ದ್ವೀಪದಲ್ಲಿ, ಲಕ್ಷ್ಮಣಪುರದ ಎರಡನೆಯ ಕಡಲತೀರಕ್ಕೆ ಇಳಿತದ ಹೊತ್ತಿನಲ್ಲಿ ಹೋದರೆ, ಸ್ವಲ್ಪ ಹಿಂದೆ ಅಲೆಗಳಿದ್ದ ಜಾಗದಲ್ಲಿ ಕಲ್ಲುಹಾಸು ತೆರೆದುಕೊಂಡು ಅದರ ಹೊಂಡಗಳಲ್ಲಿ ನೀರು ನಿಂತಿರುತ್ತದೆ. ಒಂದೊಂದು ಹೊಂಡದ ಬಳಿಯೂ ಕುಳಿತು ನೋಡಬೇಕು. ಸಮುದ್ರಸೌತೆ ಎಂಬ ಕಪ್ಪಗಿನ ಜೀವಿ, ನಕ್ಷತ್ರಮೀನು, ಬೆರಳುದ್ದದ ಬಣ್ಣಬಣ್ಣದ ಮೀನುಗಳು, ಕಲ್ಲಿನ ಸಂದಿನಲ್ಲಿ ನೀಲಿ ಹಸಿರು ಅಂಚನ್ನು ಬಿಚ್ಚಿಕೊಂಡಿರುವ ದೊಡ್ಡ ಮರುವಾಯಿ ಎಂಬ ಚಿಪ್ಪುಜೀವಿ, ಇವೆಲ್ಲ ಮೊಣಕಾಲೂ ಮುಳುಗದ ನೀರಿನಲ್ಲಿ ಕಾಣಸಿಗುತ್ತವೆ. ಅಲ್ಲಿನ ಕಲ್ಲಿನ ಸ್ವಾಭಾವಿಕ ಸೇತುವೆಯ ಬುಡದ ವರೆಗೆ ನಡೆದುಹೋಗುವುದೂ ಇಳಿತದಲ್ಲಿ ಮಾತ್ರ ಸಾಧ್ಯ. ಇಳಿತದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಿಂದಿನ ದಿನವೇ ವಸತಿಗೃಹದವರನ್ನು ಕೇಳಿ ತಿಳಿದುಕೊಳ್ಳಿ. ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ, ಮರಳು ಅಥವಾ ಬರೀ ಕಲ್ಲಿನ ಮೇಲಷ್ಟೇ ಕಾಲಿಡಿ, ಜೀವಂತ ಹವಳವನ್ನು ತುಳಿಯಬೇಡಿ. ಅಲ್ಲಿ ದಾರಿ ತೋರಿಸಲು ಬರುವ ಸ್ಥಳೀಯರಿಗೆ ಅವರು ಕೇಳುವ ಅಲ್ಪ ಹಣವನ್ನು ಚೌಕಾಶಿ ಮಾಡದೆ ಕೊಡಿ. ನಿಮ್ಮ ಕಣ್ಣಿಗೆ ಬರಿಯ ಕಲ್ಲಾಗಿ ಕಂಡದ್ದರಲ್ಲಿ ಅವರು ಜೀವವನ್ನು ತೋರಿಸುತ್ತಾರೆ.

ಅಮಾವಾಸ್ಯೆಯೇ ಆಗಬೇಕೆನ್ನಲು ಇನ್ನೊಂದು ಕಾರಣವಿದೆ. ಸ್ವರಾಜ್ ದ್ವೀಪದ ತೀರಗಳಲ್ಲಿ, ಹಳೆಯ ಹೆಸರಿನ ಹ್ಯಾವ್‌ಲಾಕ್‌ನಲ್ಲಿ, ಚಂದ್ರನಿಲ್ಲದ ರಾತ್ರಿ ದೀಪಗಳಿಂದ ದೂರ ನಿಂತು ದಡದಂಚಿನ ನೀರನ್ನು ಕೈಯಿಂದ ಕದಡಿದರೆ ಕೆಲವೊಮ್ಮೆ ನೀಲಿ ಬೆಳಕಿನ ಚುಕ್ಕೆಗಳು ಹೊಳೆದು ಮರೆಯಾಗುತ್ತವೆ. ನೀರು ಕದಡಿದಾಗ ಬೆಳಕು ಬೀರುವ ಸೂಕ್ಷ್ಮಜೀವಿಗಳವು. ಇದನ್ನು ತೋರಿಸಲು ರಾತ್ರಿಯ ದೋಣಿಯಾನವನ್ನು ಮಾರುವವರಿದ್ದಾರೆ, ಅದೂ ಚೆನ್ನಾಗಿರುತ್ತದೆ. ಆದರೆ ದಡದಲ್ಲಿ ನಿಂತು ಕಣ್ಣು ಕತ್ತಲೆಗೆ ಒಗ್ಗುವ ತನಕ ಕಾಯುವ ತಾಳ್ಮೆ ಇದ್ದರೆ ಮೊದಲು ಅದನ್ನೇ ಪ್ರಯತ್ನಿಸಿ. ನೀರಿಗೆ ಮಾತ್ರ ಇಳಿಯಬೇಡಿ.

ಹೊತ್ತಿನ ವಿಷಯದಲ್ಲಿ ನೀನು ಮುಖ್ಯವಾಗಿ ನೆನಪಿಡಬೇಕಾದದ್ದು ಸೂರ್ಯನ ಲೆಕ್ಕ. ಅಂಡಮಾನ್ ಹೆಚ್ಚುಕಡಿಮೆ ನಮ್ಮ ಕಾಸರಗೋಡಿನ ಅಕ್ಷಾಂಶದಲ್ಲೇ ಇದೆ, ಆದರೆ ಬಹಳ ಪೂರ್ವಕ್ಕಿದೆ; ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ ಅಲ್ಲಿ ನಮಗಿಂತ ಸುಮಾರು 1 ಗಂಟೆ 10 ನಿಮಿಷ ಮೊದಲೇ ಸೂರ್ಯ ಹುಟ್ಟುತ್ತಾನೆ, ಅಷ್ಟೇ ಮೊದಲು ಮುಳುಗುತ್ತಾನೆ. ಚಳಿಗಾಲದಲ್ಲಿ ಸಂಜೆ 5.30ರ ಹೊತ್ತಿಗೆ ಕತ್ತಲು ಕವಿಯತೊಡಗುತ್ತದೆ. ಬೆಂಗಳೂರಿನ ರಜಾದಿನಗಳಂತೆ 9 ಗಂಟೆಗೆ ಎದ್ದರೆ ಅರ್ಧ ದಿನ ಕಳೆದಂತೆಯೇ, ಉಳಿದ ಅರ್ಧ ದಿನದಲ್ಲಿ ಎಲ್ಲವನ್ನೂ ನೋಡುವ ಅವಸರಕ್ಕೆ ಟ್ಯಾಕ್ಸಿ ಹಿಡಿಯಬೇಕಾಗುತ್ತದೆ, ಖರ್ಚು ಹೆಚ್ಚುವುದು ಹೀಗೆಯೇ. ಬೆಳಗ್ಗೆ 5ಕ್ಕೆ ಏಳಿ. ಬೇಕಲದಲ್ಲಾಗಲಿ ಕಣ್ವತೀರ್ಥದಲ್ಲಾಗಲಿ ಸೂರ್ಯ ಕಡಲಿಗೆ ಇಳಿಯುವುದನ್ನಷ್ಟೇ ನೋಡುತ್ತ ಬೆಳೆದವಳು ನೀನು. ಸೂರ್ಯ ಕಡಲಿನಿಂದ ಮೇಲೇಳುವುದನ್ನು ಶಹೀದ್ ದ್ವೀಪದ ಸೀತಾಪುರದಲ್ಲಿ ಅಥವಾ ಸ್ವರಾಜ್ ದ್ವೀಪದ ಕಾಲಾಪತ್ಥರ್ ತೀರದಲ್ಲಿ ನಿಂತು ನೋಡು. ಶಹೀದ್ ದ್ವೀಪ ಬಹಳ ಚಿಕ್ಕದು. ಬಾಡಿಗೆಗೆ ಒಂದೊಂದು ಸೈಕಲ್ ಹಿಡಿದರೆ ಬೆಳಗ್ಗೆ ಸೀತಾಪುರ, ನಡುವೆ ತರಕಾರಿ ಗದ್ದೆಗಳು, ಭರತಪುರದ ತಿಳಿನೀರು, ಸಂಜೆಗೆ ಲಕ್ಷ್ಮಣಪುರ, ಎಲ್ಲವೂ ಒಂದೇ ದಿನದಲ್ಲಿ ಆಗುತ್ತದೆ.

ಸ್ವರಾಜ್ ದ್ವೀಪ ದೊಡ್ಡದು, ಅಲ್ಲಿ ಸೈಕಲ್ಲಿಗಿಂತ ಬಸ್ಸೇ ವಾಸಿ. ಹಡಗುಕಟ್ಟೆಯ ಕಡೆಯಿಂದ ಸುಮಾರು 12 ಕಿ.ಮೀ. ದೂರದ ರಾಧಾನಗರ ತೀರಕ್ಕೆ ಬಸ್ ಇದೆ. ಮರಳುವ ಕೊನೆಯ ಬಸ್ಸಿನ ಸಮಯವನ್ನು ಇಳಿಯುವಾಗಲೇ ನಿರ್ವಾಹಕರನ್ನು ಕೇಳಿಕೊಳ್ಳಿ. ಶುಚಿತ್ವ, ಸುರಕ್ಷತೆಗಳಿಗಾಗಿ ಕೊಡುವ ನೀಲಿ ಬಾವುಟದ ಮಾನ್ಯತೆಯನ್ನು 2020ರಲ್ಲಿ ಪಡೆದ ಕಡಲತೀರಗಳಲ್ಲಿ ಅದೂ ಒಂದು. ದಟ್ಟ ಕಾಡು ಮರಳಿನ ಅಂಚಿನ ವರೆಗೂ ಬಂದು ನಿಂತಿದೆ, ಆದ್ದರಿಂದ ಮಧ್ಯಾಹ್ನವೂ ನೆರಳಿನಲ್ಲಿ ಕುಳಿತು ಓದಬಹುದು. ರಾಧಾನಗರದ ದಾರಿಯಲ್ಲೇ ಎಲಿಫೆಂಟ್ ಬೀಚಿಗೆ ಹೋಗುವ ಕಾಡುದಾರಿ ಇದೆ. ಹೆಚ್ಚಿನವರು ಅಲ್ಲಿಗೆ ಹಡಗುಕಟ್ಟೆಯಿಂದ ಹಣ ಕೊಟ್ಟು ದೋಣಿಯಲ್ಲಿ ಹೋಗುತ್ತಾರೆ. ಮಳೆಯಿಲ್ಲದ ದಿನವಾದರೆ ನೀವು ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿ, ದಾರಿ ಬಲ್ಲವರೊಬ್ಬರನ್ನು ಕರೆದುಕೊಂಡು ನಡೆದೇ ಹೋಗಿ. ದೈತ್ಯ ಮರಗಳ ನಡುವಿನ ದಾರಿ ಕೊನೆಯಲ್ಲಿ ಕೆಸರಾಗಿ ಫಕ್ಕನೆ ಕಡಲಿಗೆ ತೆರೆದುಕೊಳ್ಳುತ್ತದೆ. ಅಲ್ಲಿ ಸ್ನಾರ್ಕೆಲಿಂಗಿಗೆ ಕೊಡುವ ಹಣ ವ್ಯರ್ಥವಲ್ಲ. ಒಮ್ಮೆಯಾದರೂ ಹವಳದ ಮೇಲೆ ತೇಲಿ ನೋಡು. ಜೀವರಕ್ಷಕ ಅಂಗಿಯಿಲ್ಲದೆ ಮಾತ್ರ ಬೇಡ.

ರಾಜಧಾನಿಯಲ್ಲಿ, ಪೋರ್ಟ್ ಬ್ಲೇರ್ ಎಂದಿದ್ದ ಇಂದಿನ ಶ್ರೀ ವಿಜಯಪುರದಲ್ಲಿ, ಸೆಲ್ಯುಲಾರ್ ಜೈಲಿಗೆ ಅರ್ಧ ದಿನವನ್ನು ತೆಗೆದಿಡಿ. ಪ್ರವೇಶದ ಟಿಕೆಟ್ಟು ಅಲ್ಪ ಮೊತ್ತದ್ದು. ಗುಂಪಿನಲ್ಲಿ ಬಂದವರು ಫೋಟೊ ತೆಗೆದು ಬೇಗನೆ ಹೊರಡುವುದನ್ನು ಕಂಡಾಗ ನನಗೆ ನೋವಾಯಿತು. 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿದ ಈ ಕಟ್ಟಡಕ್ಕೆ ಕೋಣೆಗಳ ಏಳು ಸಾಲುಗಳಿದ್ದವು, ಇಂದು ಉಳಿದಿರುವುದು ಮೂರು. ಒಂದು ಸಾಲಿನ ಬಾಗಿಲುಗಳು ಇನ್ನೊಂದು ಸಾಲಿನ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದಾರೆ, ಕೈದಿಗೆ ಕೈದಿಯ ಮುಖವೇ ಕಾಣಬಾರದೆಂದು. ಅಲ್ಲಿ ಇಟ್ಟಿರುವ ಗಾಣವನ್ನು ತಪ್ಪದೆ ನೋಡು. ಎತ್ತು ಎಳೆಯಬೇಕಾದ ನೊಗಕ್ಕೆ ಮನುಷ್ಯರನ್ನು ಹೂಡಿ, ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಯಬೇಕೆಂದು ವಿಧಿಸುತ್ತಿದ್ದರು. ಮನೆಯ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ಎಣ್ಣೆ ತರುವ ನಮಗೆ ಆ ಅಳತೆಯ ಭಾರ ಅರ್ಥವಾಗುತ್ತದೆ. ನಡುವಣ ಗೋಪುರದಲ್ಲಿ ಕೆತ್ತಿರುವ, ಇಲ್ಲಿ ಸೆರೆಯಾಗಿದ್ದ ಸ್ವಾತಂತ್ರ್ಯ ಹೋರಾಟಗಾರರ ಹೆಸರುಗಳನ್ನು ಓದು. ಅಲ್ಲಿಂದ ಕಡಲಂಚಿನಲ್ಲೇ ನಡೆದರೆ, 1943ರ ಡಿಸೆಂಬರ್ 30ರಂದು ನೇತಾಜಿಯವರು ಈ ಊರಿನಲ್ಲಿ ರಾಷ್ಟ್ರಧ್ವಜ ಹಾರಿಸಿದ್ದರ ನೆನಪಿನ ಧ್ವಜಸ್ತಂಭ ಸಿಗುತ್ತದೆ. ಇನ್ನೊಂದು ಮಧ್ಯಾಹ್ನ ಊರಿನ ಬಸ್ ನಿಲ್ದಾಣದಿಂದ ಸುಮಾರು 25 ಕಿ.ಮೀ. ದೂರದ ಚಿಡಿಯಾಟಾಪುವಿಗೆ ಹೋಗಿ ಹಕ್ಕಿಗಳನ್ನೂ ಸೂರ್ಯಾಸ್ತವನ್ನೂ ನೋಡಬಹುದು.

ದ್ವೀಪಗಳ ನಡುವೆ ಖಾಸಗಿ ಹಡಗಿಗಿಂತ ಸರ್ಕಾರಿ ಹಡಗಿನ ದರ ಬಹಳ ಕಡಿಮೆ. ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಮೇಲಟ್ಟಕ್ಕೆ ಹೋಗಿ ಗಾಳಿಗೆ ನಿಲ್ಲಬಹುದು, ಹಾರುವ ಮೀನುಗಳನ್ನು ಕಾಣಬಹುದು. ದ್ವೀಪದ ಜನರು ಸಂತೆಗೂ ಆಸ್ಪತ್ರೆಗೂ ಓಡಾಡುವುದು ಅದರಲ್ಲೇ ಆದ್ದರಿಂದ ಟಿಕೆಟ್ ಬೇಗ ಮುಗಿಯುತ್ತದೆ, ಮೊದಲೇ ಕಾಯ್ದಿರಿಸಿ. ಊಟಕ್ಕೆ ಪೇಟೆಯ ಸಣ್ಣ ಹೋಟೆಲುಗಳಿಗೆ ಹೋಗಿ. ಬಂಗಾಳಿಗಳ ಅನ್ನ, ಬೇಳೆ, ಪಲ್ಯವೂ ತಮಿಳರ ಇಡ್ಲಿ ದೋಸೆಯೂ ಸಿಗುತ್ತವೆ.

ಎರಡು ವಿಷಯಗಳಲ್ಲಿ ನಾನು ಕಟ್ಟುನಿಟ್ಟು. ಅಲ್ಲಿನ ಕೆಲವು ತೀರಗಳಲ್ಲಿ ಮೊಸಳೆಗಳಿವೆ. ಎಚ್ಚರಿಕೆಯ ಫಲಕವಿರುವಲ್ಲಿ, ಕತ್ತಲಾದ ಮೇಲೆ, ಯಾರೂ ಈಜದ ಜಾಗದಲ್ಲಿ ನೀರಿಗಿಳಿಯಕೂಡದು. ಎರಡನೆಯದು, ದಡದಲ್ಲಿ ಬಿದ್ದ ಹವಳದ ತುಂಡನ್ನಾಗಲಿ ಚಿಪ್ಪನ್ನಾಗಲಿ ಚೀಲಕ್ಕೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳವನ್ನೂ ಹಲವು ಬಗೆಯ ಚಿಪ್ಪುಗಳನ್ನೂ ರಕ್ಷಿಸಿದೆ, ವಿಮಾನ ನಿಲ್ದಾಣದಲ್ಲಿ ತಪಾಸಣೆಯೂ ಇದೆ. ಕಾನೂನಿಲ್ಲದಿದ್ದರೂ ತರಬಾರದು, ಖಾಲಿ ಶಂಖದೊಳಗೆ ನಾಳೆ ಒಂದು ಏಡಿ ಮನೆ ಮಾಡಬೇಕಾಗಿರುತ್ತದೆ.

ನಮ್ಮಲ್ಲಿ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ಭಾಗಕ್ಕೆ, ಅಲ್ಲಿ ಮಳೆ ಹಿಡಿಯುತ್ತದೆ, ಆದ್ದರಿಂದ ಜನವರಿಯಿಂದ ಏಪ್ರಿಲ್ ಒಳಗೆ ರಜೆ ಕೇಳು. ಸಿಗುವ ದಿನಗಳನ್ನು ತಿಳಿಸಿದರೆ ಪಂಚಾಂಗ ನೋಡಿ ಅಮಾವಾಸ್ಯೆ ಯಾವ ದಿನ ಬರುತ್ತದೆಂದು ಬರೆಯುತ್ತೇನೆ, ಅನಂತರ ಟಿಕೆಟ್ ಮಾಡಿಸಿ. ನಿನ್ನ ಗೆಳತಿಗೂ ನನ್ನ ಆಶೀರ್ವಾದ ತಿಳಿಸು.

ಇತಿ,
ನಿನ್ನ ಅಪ್ಪ